ಗೇರಿನ ಮೇಲೆ ಅಪ್ಪನ ಕೈ

ಕಾರು ಕೊಳ್ಳುವಾಗ ಅವಳು ಶೋರೂಮಿನವನನ್ನು ಕೇಳಿದ್ದು ಒಂದೇ ಪ್ರಶ್ನೆ. ಮೈಲೇಜು ಕೇಳಲಿಲ್ಲ, ಬಣ್ಣ ಕೇಳಲಿಲ್ಲ. "ಪಕ್ಕದ ಸೀಟಲ್ಲಿ ಕೂತವರ ಕೈಗೆ ಸಿಗದ ಹಾಗೆ ಗೇರು ಬದಲಾಯಿಸೋಕೆ ಆಗುತ್ತಾ?" ಎಂದಳು.

ಶೋರೂಮಿನವನು ಟೈ ಸರಿಮಾಡಿಕೊಂಡು, "ಮನೇಲಿ ತುಂಟ ಮಗು ಇದೆಯಾ ಮೇಡಂ?" ಎಂದ.

"ಇದೆ. ಎಪ್ಪತ್ತೊಂದು ವರ್ಷ."

ನಗಬೇಕೋ ಬೇಡವೋ ತಿಳಿಯದೆ ಅವನು ಸ್ಟೀರಿಂಗಿನ ಹಿಂದೆ ಅಡಗಿದ್ದ ಎರಡು ಪ್ಯಾಡಲ್‌ಗಳನ್ನು ತೋರಿಸಿದ. ಮೂರು ಬೆರಳಗಲದ ಕಪ್ಪು ರೆಕ್ಕೆಗಳು. ಎಡಗಡೆಯದನ್ನು ಬೆರಳಲ್ಲಿ ಎಳೆದರೆ ಒಂದು ಗೇರು ಇಳಿಯುತ್ತದೆ, ಬಲಗಡೆಯದನ್ನು ಎಳೆದರೆ ಒಂದು ಏರುತ್ತದೆ. ಸ್ಟೀರಿಂಗಿನಿಂದ ಕೈ ತೆಗೆಯಬೇಕಾಗಿಲ್ಲ. ಸೀಟುಗಳ ನಡುವೆ ಲಿವರ್ ಕೂಡ ಇತ್ತು. ಆಟೋಮ್ಯಾಟಿಕ್ ಆದರೂ ಅದಿಲ್ಲದೆ ಈ ಕಾರು ಬರುವುದಿಲ್ಲವಂತೆ. ಇದ್ದರೆ ಇರಲಿ, ಮುಟ್ಟದಿದ್ದರಾಯಿತು ಎಂದುಕೊಂಡಳು. ತಾನೊಬ್ಬಳು ಮುಟ್ಟದಿದ್ದರೆ ಸಾಲದು ಎಂಬುದು ಆಗ ಹೊಳೆಯಲಿಲ್ಲ.

ಎಪ್ಪತ್ತೊಂದು ವರ್ಷದ ಆ ಮಗು ಅವಳ ಅಪ್ಪ. ಊರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ಮೂವತ್ತೊಂದು ವರ್ಷ ಸ್ಕೂಲು ನಡೆಸಿದವರು. ಎಡಗಡೆಯ ಸೀಟೇ ಅವರ ಪೀಠ. ಅಲ್ಲಿ ಅವರ ಕಾಲಿಗೆಂದೇ ಒಂದು ಬ್ರೇಕು, ಒಂದು ಕ್ಲಚ್ಚು. ಕಲಿಯಲು ಬಂದವರ ಎಡಗೈ ಗೇರಿನ ಮೇಲೆ, ಆ ಕೈಯ ಮೇಲೆ ಮೇಷ್ಟ್ರ ಬಲಗೈ. ಊರಿನ ಅರ್ಧ ಜನ ಮೊದಲ ದಿನವೇ ತಾವು ಗೇರು ಹಾಕಿದೆವೆಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹಾಕಿದ್ದು ಮೇಷ್ಟ್ರು. ಕಲಿಯುವವರದು ಬರೀ ಕೈಗವಸಿನ ಕೆಲಸ.

ಮಗಳು ಹತ್ತೊಂಬತ್ತಕ್ಕೆ ಕಲಿಯಲು ಕೂತಳು. "ಇನ್ನೂ ಹದ ಬಂದಿಲ್ಲ" ಎಂದು ಅಪ್ಪ ಅವಳನ್ನು ಪರೀಕ್ಷೆಗೆ ಕಳಿಸಲಿಲ್ಲ. ಇಪ್ಪತ್ತಕ್ಕೂ ಹದ ಬರಲಿಲ್ಲ, ಇಪ್ಪತ್ತಮೂರಕ್ಕೂ ಬರಲಿಲ್ಲ. ಅಣ್ಣನಿಗೆ ಹದಿನೆಂಟು ದಿನದಲ್ಲಿ ಬಂದ ಹದ ತಂಗಿಗೆ ಎಂಟು ವರ್ಷವಾದರೂ ಬರಲಿಲ್ಲವೆಂದರೆ ಅದು ಡ್ರೈವಿಂಗೋ ಉಪ್ಪಿನಕಾಯಿಯೋ ಎಂದು ಅವಳು ಅಮ್ಮನ ಹತ್ತಿರ ಗೊಣಗಿದ್ದಳು. ಕೊನೆಗೆ ಪಕ್ಕದ ಬಡಾವಣೆಯ ಇನ್ನೊಂದು ಸ್ಕೂಲಿಗೆ ಕದ್ದುಮುಚ್ಚಿ ಹೋಗಿ ಕಲಿತು, ಲೈಸೆನ್ಸನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದರು.

ಹೊರಗೆ ಅವಳ ಮಾತಿಗೆ ಬೆಲೆ ಇತ್ತು. ಅವಳು ತೂಕದ ಯಂತ್ರಗಳ ಪರೀಕ್ಷಕಿ. ಅಂಗಡಿ, ಔಷಧಿ ಗೋದಾಮು, ಲ್ಯಾಬು ಎಂದು ಸುತ್ತಿ, ಯಂತ್ರ ಸುಳ್ಳು ಹೇಳುತ್ತಿದೆಯೇ ನಿಜ ಹೇಳುತ್ತಿದೆಯೇ ನೋಡಿ ಮುದ್ರೆ ಒತ್ತುವುದು ಅವಳ ಕೆಲಸ. ಅದಕ್ಕೆಂದು ಕಾರಿನ ಡಿಕ್ಕಿಯಲ್ಲಿ ಇಪ್ಪತ್ತು ಕಿಲೋದ ಹತ್ತು ತೂಕದ ಕಲ್ಲುಗಳು, ಮರದ ಚೌಕಟ್ಟಿನಲ್ಲಿ ಸಾಲಾಗಿ ಕೂತಿದ್ದವು. ಎರಕದ ಕಬ್ಬಿಣದವಾದರೂ ಹೆಸರು ಕಲ್ಲೆಂದೇ. ಒಟ್ಟು ಎರಡು ಕ್ವಿಂಟಲ್. ಅಂಗಡಿ ಸಾಲಿನಲ್ಲಿ ಅವಳನ್ನು ತೂಕದಮ್ಮ ಎಂದು ಕರೆಯುತ್ತಿದ್ದರು. ತೂಕದಮ್ಮ ಹತ್ತು ಗ್ರಾಂ ಹೆಚ್ಚಿದೆ ಎಂದರೆ ಮೀಸೆ ತಿರುವುವ ಗೋದಾಮಿನ ಮಾಲೀಕನೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ.

ಮನೆಯಲ್ಲಿ ಮಾತ್ರ ಅವಳ ಮಾತು ಹಗುರ.

ಮೇಷ್ಟ್ರ ಕಣ್ಣಿನ ಒತ್ತಡ ಏರಿ ಪಕ್ಕದ ನೋಟ ಮಂಕಾಗಿತ್ತು. ಅವರ ಲೈಸೆನ್ಸು ಹೋಗಿ ವರ್ಷವಾಗಿತ್ತು. ಒತ್ತಡ ಹಿಡಿತಕ್ಕೆ ಬರುವ ತನಕ ಪ್ರತಿ ಗುರುವಾರ ಕಣ್ಣಾಸ್ಪತ್ರೆಗೆ ಹೋಗಬೇಕು. ಮನೆ ಗುಡ್ಡದ ಮೇಲೆ, ಆಸ್ಪತ್ರೆ ಕೆಳಗೆ, ನಡುವೆ ಏಳು ತಿರುವು. ಅಪ್ಪ ಅಮ್ಮನನ್ನು ಆಸ್ಪತ್ರೆಯಲ್ಲಿ ಇಳಿಸಿ, ಅಲ್ಲೇ ಹತ್ತಿರದ ಗೋದಾಮುಗಳಲ್ಲಿ ಕೆಲಸ ಮುಗಿಸಿ, ಮಧ್ಯಾಹ್ನ ಮತ್ತೆ ಹತ್ತಿಸಿಕೊಂಡು ಬರುತ್ತಿದ್ದಳು. ಹಾಗಾಗಿ ಡಿಕ್ಕಿಯ ಕಲ್ಲುಗಳನ್ನು ಇಳಿಸುವ ಪ್ರಶ್ನೆಯೇ ಇರಲಿಲ್ಲ. ಕಾರಿನ ಹಿಂಭಾಗ ಸ್ವಲ್ಪ ಕುಸಿದು ಮೂತಿ ಮೇಲಾಗಿದ್ದುದನ್ನು ಮೇಷ್ಟ್ರ ಬೆನ್ನು ಮೊದಲ ದಿನವೇ ಕಂಡುಹಿಡಿಯಿತು. "ಸ್ಪ್ರಿಂಗಲ್ಲಿ ಜಿಪುಣತನ ಮಾಡಿದ್ದಾರೆ" ಎಂದು ಕಂಪನಿಯವರನ್ನು ಬೈದರು. ಏನು ಹೊತ್ತಿದ್ದೀಯ ಎಂದು ಕೇಳಲಿಲ್ಲ.

ಪ್ಯಾಡಲ್‌ಗಳನ್ನು ಕಂಡರಂತೂ ಮೇಷ್ಟ್ರಿಗೆ ಮೈಯೆಲ್ಲ ಉರಿ.

"ನೋಡೇ, ಕಾರಿನ ಕಿವಿ ಹಿಂಡ್ತಾ ಇದ್ದಾಳೆ" ಎಂದು ಹಿಂದಿನ ಸೀಟಿನ ಅಮ್ಮನಿಗೆ ವರದಿ ಕೊಡುತ್ತಿದ್ದರು. "ಗೇರು ಅಂದ್ರೆ ಅಂಗೈ ತುಂಬ ಸಿಗಬೇಕು. ಇದೇನು, ದೀಪದ ಸ್ವಿಚ್ಚಾ?"

"ಎರಡು ಕೈಯೂ ಸ್ಟೀರಿಂಗ್ ಮೇಲೇ ಇರುತ್ತೆ ಅಪ್ಪ. ನೀವೇ ಹೇಳ್ತಿದ್ರಲ್ಲ ಎಲ್ಲರಿಗೂ, ಸ್ಟೀರಿಂಗ್ ಬಿಡಬೇಡಿ ಅಂತ."

"ಸ್ಟೀರಿಂಗ್ ತಿರುಗಿದ್ರೆ ಕಿವಿಯೂ ಜೊತೆಗೆ ತಿರುಗುತ್ತೆ. ತಿರುವಿನ ಮಧ್ಯೆ ಎಡಗಿವಿ ಬಲಕ್ಕೆ ಬಂದು ಕೂತಿರುತ್ತೆ. ಆಗ ಯಾವುದನ್ನ ಹಿಂಡ್ತೀಯ? ಲಿವರ್ ಎಲ್ಲಿಗೂ ಹೋಗಲ್ಲ. ಇಟ್ಟ ಕಡೆ ಇರುತ್ತೆ."

ಆ ಮಾತಿನಲ್ಲಿ ನ್ಯಾಯವಿತ್ತು, ಅವಳೂ ಒಪ್ಪುತ್ತಿದ್ದಳು. "ಅದಕ್ಕೇ ತಿರುವಿಗೆ ಮುಂಚೆನೇ ಹಿಂಡಿ ಮುಗಿಸ್ತೀನಿ" ಎಂದಳು.

"ನಿನಗೆ ಎಲ್ಲದಕ್ಕೂ ಉತ್ತರ ಇದೆ, ಹದ ಒಂದಿಲ್ಲ."

ಇಷ್ಟೇ ಆಗಿದ್ದರೆ ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಡುತ್ತಿದ್ದಳು. ಆದರೆ ಮೇಷ್ಟ್ರ ಬಲಗೈ ಸುಮ್ಮನಿರುತ್ತಿರಲಿಲ್ಲ. ಕಾರು ಹೊರಟ ಕೂಡಲೇ ಅದು ಮೊಣಕಾಲಿನಿಂದ ಎದ್ದು, ಬೆಕ್ಕು ತನ್ನ ಜಾಗಕ್ಕೆ ಬರುವಂತೆ ಬಂದು ಲಿವರಿನ ತಲೆಯ ಮೇಲೆ ಮಲಗುತ್ತಿತ್ತು. "ಕೈ ತೆಗೀರಿ ಅಪ್ಪ" ಎಂದರೆ ತೆಗೆಯುತ್ತಿದ್ದರು. ಮುಂದಿನ ತಿರುವಿಗೆ ಮತ್ತೆ ಅಲ್ಲೇ. ಆರು ಗುರುವಾರದಲ್ಲಿ ಎಷ್ಟು ಸಲ ಆ ಮಾತು ಹೇಳಿದ್ದಳೋ.

ಏಳನೆಯ ಗುರುವಾರ ಅದು ಆಯಿತು.

ಉದ್ದ ಇಳಿಜಾರಿನಲ್ಲಿ ಕಾರು ತನ್ನಷ್ಟಕ್ಕೆ ಗೇರು ಏರಿಸಿಕೊಂಡು ಓಡಬಾರದೆಂದು ಅವಳು ಲಿವರನ್ನು ಪಕ್ಕದ ಸೀಳಿಗೆ ಸರಿಸುತ್ತಿದ್ದಳು. ಅಲ್ಲಿದ್ದರೆ ನಾವು ಹಾಕಿದ ಗೇರು ನಾವು ಹೇಳುವ ತನಕ ನಿಲ್ಲುತ್ತದೆ. ಆಮೇಲಿನದೆಲ್ಲ ಪ್ಯಾಡಲ್‌ನಲ್ಲೇ. ಮೂರನೆಯ ತಿರುವಿಗೆ ಐವತ್ತು ಹೆಜ್ಜೆ ಮುಂಚೆ ಎಡ ಪ್ಯಾಡಲ್ ಎಳೆದು ನಾಲ್ಕರಿಂದ ಮೂರಕ್ಕೆ ಇಳಿಸಿದಳು. ಹಿಂದೆ ಎರಡು ಕ್ವಿಂಟಲ್ ನೂಕುತ್ತಿರುವಾಗ ಬರೀ ಬ್ರೇಕನ್ನು ನಂಬಬಾರದು. ಎಂಜಿನ್ ಸದ್ದು ಏರಿತು, ಕಾರು ಹಿಡಿತಕ್ಕೆ ಬಂತು. ಎಲ್ಲ ಸರಿಯಿತ್ತು.

ಖಾಲಿ ಕಾರಿಗೆ ಪಳಗಿದ ಮೇಷ್ಟ್ರ ಕಿವಿಗೆ ಆ ಸದ್ದು ಅರಚಾಟವಾಗಿ ಕೇಳಿಸಿತು. "ಯಾಕೆ ಹೀಗೆ ಕಿರುಚಿಸ್ತೀಯ, ನಾಲ್ಕಕ್ಕೆ ಹಾಕು" ಎಂದವರೇ, ಅವಳು ಬಾಯಿ ತೆರೆಯುವಷ್ಟರಲ್ಲಿ ಲಿವರನ್ನು ಮುಂದಕ್ಕೆ ತಳ್ಳಿದರು. ಅವರ ಸ್ಕೂಲಿನ ಕೊನೆಯ ವರ್ಷಗಳಲ್ಲಿ ಒಂದು ಆಟೋಮ್ಯಾಟಿಕ್ ಕಾರಿತ್ತು. ಅದರಲ್ಲಿ ಮುಂದಕ್ಕೆ ತಳ್ಳಿದರೆ ಗೇರು ಏರುತ್ತಿತ್ತು. ಇದರಲ್ಲಿ ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ಒಂದೊಂದು ಕಂಪನಿಯದು ಒಂದೊಂದು ರೀತಿ. ಮೂರು ಹೋಗಿ ಎರಡಾಯಿತು. ಎಂಜಿನ್ ನಿಜವಾಗಿಯೂ ಕಿರುಚಿತು, ಕಾರು ಯಾರೋ ಬಾಲ ಹಿಡಿದೆಳೆದಂತೆ ಜಗ್ಗಿತು, ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದೆ ಬರುತ್ತಿದ್ದ ವ್ಯಾನು ಒಂದು ಗೇಣು ದೂರದಲ್ಲಿ ನಿಂತು ಉದ್ದಕ್ಕೆ ಹಾರನ್ ಹೊಡೆಯಿತು. ವ್ಯಾನಿನವನು ಪಕ್ಕಕ್ಕೆ ಬಂದು ಗಾಜು ಇಳಿಸಿ, "ಯಾರಮ್ಮ ನಿಂಗೆ ಲೈಸೆನ್ಸ್ ಕೊಟ್ಟಿದ್ದು?" ಎಂದು ಕೇಳಿ ಹೋದ.

ಮೇಷ್ಟ್ರು ತಲೆಯಾಡಿಸಿದರು. ಆ ಪ್ರಶ್ನೆ ಅವರದೂ ಆಗಿತ್ತು.

"ನೀವು ತಳ್ಳಿದ್ದಕ್ಕೆ ಎರಡಕ್ಕೆ ಬಿತ್ತು" ಎಂದಳು. ಸ್ಟೀರಿಂಗಿನ ಹಿಂದಿನ ಮೀಟರಿನಲ್ಲಿ ಎರಡು ಎಂಬ ಅಂಕೆ ಇನ್ನೂ ಬೆಳಗುತ್ತಿತ್ತು. ಅದನ್ನು ಓದುವಷ್ಟು ಕಣ್ಣು ಮೇಷ್ಟ್ರಿಗೆ ಇರಲಿಲ್ಲ.

"ನಾನು ನಾಲ್ಕಕ್ಕೆ ಹಾಕಿದೆ. ನೀನು ಅದೇ ಹೊತ್ತಿಗೆ ಕಿವಿ ಹಿಂಡಿದೆ. ನಾನು ಕೈ ಹಾಕದೆ ಇದ್ದಿದ್ರೆ ಈವತ್ತು ಮೂರು ಜನಾನೂ ಕಣಿವೇಲಿ ಇರ್ತಿದ್ವಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳನ್ನು ಹೆಚ್ಚು ಉರಿಸಿತು. ಸುಳ್ಳಾದರೆ ಹಿಡಿಯಬಹುದು. ಸುಳ್ಳು ಹೇಳುವ ಯಂತ್ರವನ್ನು ಅವಳು ದಿನಾ ಹಿಡಿಯುತ್ತಾಳೆ. ತಾನು ಸರಿ ಎಂದು ನಿಜವಾಗಿ ನಂಬಿರುವ ಕೈಗೆ ಯಾವ ಕಲ್ಲಿಟ್ಟು ತೂಗುವುದು?

ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಆಸ್ಪತ್ರೆಯ ಬೆಂಚಿನ ಮೇಲಿಂದಲೇ ಮೇಷ್ಟ್ರು ಅಣ್ಣನಿಗೆ ಫೋನು ಮಾಡಿದ್ದರು. ಸಂಜೆ ಅಣ್ಣ ಬಂದು, ಚಪ್ಪಲಿ ಬಿಡುವ ಮುಂಚೆಯೇ ತೀರ್ಪು ಓದಿದ.

"ನೋಡು, ತಪ್ಪು ತಿಳ್ಕೋಬೇಡ. ಮುಂದಿನ ವಾರ ಒಂದು ನೀನು ಓಡಿಸು, ಆಮೇಲಿನ ಗುರುವಾರದಿಂದ ಡ್ರೈವರ್ ಬರ್ತಾನೆ. ಅಪ್ಪನ ಹತ್ರಾನೇ ಕಲಿತವನು. ನೀನು ಕೀ ಕೊಟ್ರೆ ಸಾಕು."

"ಯಾವ ಕಾರಿನ ಕೀ?"

"ನಿಂದೇ. ಅಪ್ಪನಿಗೆ ಹತ್ತಿ ಇಳಿಯೋಕೆ ಅನುಕೂಲವಾಗಿದೆ."

"ನನ್ನ ಕಾರು, ನನ್ನ ಕೆಲಸದ ದಿನ, ನಾನು ಹಿಂದೆ ಕೂತ್ಕೊಂಡು ಹೋಗ್ಬೇಕು. ಹೌದಾ?"

"ಅಪ್ಪ ಮೂವತ್ತೊಂದು ವರ್ಷ ಕಲಿಸಿದವರು ಕಣೆ. ಅವರಿಗೆ ಗೊತ್ತಾಗಲ್ವಾ?"

"ಮುಂದಕ್ಕೆ ತಳ್ಳಿದ್ರೆ ಇಳಿಯುತ್ತೆ ಅಣ್ಣ, ಈ ಕಾರಲ್ಲಿ. ಬಾ, ತೋರಿಸ್ತೀನಿ. ಎರಡು ನಿಮಿಷ."

"ಅದೆಲ್ಲ ಈಗ ಯಾಕೆ" ಎಂದ ಅಣ್ಣ. ಮೂವತ್ತೊಂದು ವರ್ಷದ ಮುಂದೆ ಎರಡು ನಿಮಿಷ ಯಾವ ಲೆಕ್ಕ. ಅವನು ಗ್ಯಾರೇಜಿನವರೆಗೂ ಬರಲಿಲ್ಲ. ಮೇಷ್ಟ್ರು ಒಳಕೋಣೆಯಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು ಮಲಗಿದ್ದರು, ಎಲ್ಲ ಕೇಳಿಸುವಷ್ಟು ಬಾಗಿಲು ತೆರೆದಿತ್ತು.

ಆ ವಾರವೆಲ್ಲ ಅವಳು ಯಂತ್ರಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಮೂರು ಅಂಗಡಿಯ ತಕ್ಕಡಿಗಳಿಗೆ ಮುದ್ರೆ ನಿರಾಕರಿಸಿದಳು. ನಿಯಮದಲ್ಲಿ ಇದ್ದದ್ದೇ ಆದರೂ ಬೇರೆ ವಾರವಾಗಿದ್ದರೆ "ಸರಿಮಾಡಿಸಿಡಿ, ಬರ್ತೀನಿ" ಎನ್ನುತ್ತಿದ್ದಳೇನೋ. ಕೀ ಕೊಡುವುದಿಲ್ಲ ಎಂದರೆ ಕಣ್ಣು ಮಂಕಾದ ಅಪ್ಪನನ್ನು ಬೀದಿಯಲ್ಲಿ ಬಿಟ್ಟವಳು. ಕೊಟ್ಟರೆ ಹತ್ತೊಂಬತ್ತರ ಹುಡುಗಿ, ಹದ ಬಾರದವಳು, ಮತ್ತೆ ಮೊದಲಿಂದ. ಉಳಿದಿರುವುದು ಒಂದೇ ಇಳಿಜಾರು. ಅದನ್ನು ಯಾರ ಕೈಯೂ ಇಲ್ಲದೆ ಇಳಿಯಬೇಕು.

ಗುರುವಾರ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು, ಎಡಗಡೆಯ ಮುಂದಿನ ಬಾಗಿಲು ತೆಗೆದು, ಕೂರಲು ಬಗ್ಗಿ ಹಾಗೇ ನಿಂತರು. ಸೀಟಿನ ಮೇಲೆ ಒಂದು ಪೆಟ್ಟಿಗೆ ಕೂತಿತ್ತು. ಕರಿ ಮರದ್ದು, ಹಿತ್ತಾಳೆಯ ಕೊಂಡಿಯದು. ಲ್ಯಾಬಿನ ತಕ್ಕಡಿಗಳಿಗೆ ಬೇಕಾಗುವ ನಾಜೂಕು ತೂಕಗಳು ಅದರಲ್ಲಿ ಮಖಮಲ್ಲಿನ ಗುಳಿಗಳಲ್ಲಿ ಮಲಗಿರುತ್ತವೆ. ಬೆರಳಿನ ಬೆವರು ತಾಗಿದರೂ ತೂಕ ಕೆಡುವಂಥವು. ಪೆಟ್ಟಿಗೆಗೆ ಸೀಟ್ ಬೆಲ್ಟ್ ಹಾಕಿತ್ತು.

"ಇದನ್ನ ಹಿಂದೆ ಇಡು" ಎಂದರು ಮೇಷ್ಟ್ರು.

"ಅದು ಮುಂದೇನೇ ಇರಬೇಕು."

"ಯಾಕಂತೆ?"

"ಅದಕ್ಕೆ ಕೈ ಇಲ್ಲ ಅಪ್ಪ. ಅದಕ್ಕೇ ಮುಂದೆ ಕೂರಿಸಿದ್ದೀನಿ."

ಮೇಷ್ಟ್ರು ನೆಟ್ಟಗೆ ನಿಂತರು. ಕಿವಿ ಕೆಂಪಾಯಿತು. "ಹುಟ್ಟಿದಾಗಿಂದ ನಾನು ಕಾರಿನ ಹಿಂದಿನ ಸೀಟಲ್ಲಿ ಕೂತವನಲ್ಲ. ಅಲ್ಲಿ ಕೂರೋದು ಸಾಮಾನು."

ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡು ಅಮ್ಮ ಆಗಲೇ ಹಿಂದೆ ಕೂತಿದ್ದಳು. ಹಣೆಯ ಮೇಲೆ ಹೋದ ವಾರದ ಗುರುತು ಹಸಿರಾಗಿತ್ತು. ಎಡಕ್ಕೆ ಸರಿದು, ಬಲಗಡೆಯ ಸೀಟನ್ನು ಅಂಗೈಯಲ್ಲಿ ತಟ್ಟಿ ಹೇಳಿದಳು: "ನಲವತ್ತು ವರ್ಷದಿಂದ ಇಲ್ಲೇ ಕೂತಿದೀನಿ ರೀ. ಸಾಮಾನಿನ ಪಕ್ಕದಲ್ಲಿ ಒಂಚೂರು ಜಾಗ ಇದೆ, ಬನ್ನಿ."

ಮೇಷ್ಟ್ರು ಮನೆಯ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು. ಆಸ್ಪತ್ರೆಯ ಚೀಟಿಯಲ್ಲಿ ಒಂಬತ್ತೂವರೆ ಎಂದು ಬರೆದಿತ್ತು. ಸುತ್ತಿ ಬಂದು ಕೂತರು. ಬಾಗಿಲು ಎಳೆದ ರಭಸಕ್ಕೆ ಡಿಕ್ಕಿಯಲ್ಲಿ ಏನೋ ಠಣ್ಣೆಂದಿತು.

ಮೊದಲ ಎರಡು ತಿರುವು ಮಾತಿಲ್ಲದೆ ಹೋದವು. ಆದರೆ ಬೆನ್ನಿಗೆ ಏನೋ ಒತ್ತುತ್ತಿತ್ತು. ತಿರುವು ಬಂದಾಗಲೆಲ್ಲ ಅವಳ ಸೀಟಿನ ಹಿಂಬದಿಗೆ ಗಟ್ಟಿಯಾದದ್ದೊಂದು ತಾಗಿ ನಿಲ್ಲುತ್ತಿತ್ತು. ಕನ್ನಡಿಯಲ್ಲಿ ನೋಡಿದಳು. ಮೇಷ್ಟ್ರು ಅವಳ ಹಿಂದೆಯೇ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಿದ್ದರು. ಅವಳಿಗೆ ಮೈಯೆಲ್ಲ ಬೆಂಕಿಯಾಯಿತು. ಕೈ ಕಟ್ಟಿದರೆ ಕಾಲು. ಕಾಲು ಕಟ್ಟಿದರೆ ಇನ್ನೇನು ಬರುತ್ತದೋ.

ಮೂರನೆಯ ತಿರುವು ಬಂತು. ಐವತ್ತು ಹೆಜ್ಜೆ ಮುಂಚೆ ಎಡ ಪ್ಯಾಡಲ್ ಎಳೆದಳು. ನಾಲ್ಕು ಹೋಗಿ ಮೂರು. ಎಂಜಿನ್ ಏರಿತು. ಆಮೇಲೆ ಬೆನ್ನಿಗೆ ಒತ್ತು ಬಂತು, ತಡವಾಗಿ, ಕೆಲಸ ಮುಗಿದ ಮೇಲೆ. ಕಾರು ಒಂದು ಚೂರೂ ಜಗ್ಗದೆ ತಿರುವಿನ ಒಳಗೆ ಹೋಗಿ ಹೊರಗೆ ಬಂತು. ಡಿಕ್ಕಿಯಲ್ಲಿ ಕಲ್ಲುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.

"ಹಿಂದೆ ಏನದು?" ಎಂದರು ಮೇಷ್ಟ್ರು. ಮುಂದೆ ಕೂತವರಿಗೆ ಆ ಸದ್ದು ಎಂದೂ ಕೇಳಿಸಿರಲಿಲ್ಲ.

"ತೂಕದ ಕಲ್ಲು."

"ಎಷ್ಟು?"

"ಎರಡು ಕ್ವಿಂಟಲ್."

ನಾಲ್ಕನೆಯ ತಿರುವಿಗೆ ಬೆನ್ನಿಗೆ ಒತ್ತು ಬರಲಿಲ್ಲ.

"ಎರಡು ಕ್ವಿಂಟಲ್ ಇಟ್ಕೊಂಡು ಈ ಇಳಿಜಾರಲ್ಲಿ ನಾಲ್ಕರಲ್ಲಿ ಹೋಗೋಕಾಗುತ್ತಾ" ಎಂದರು ಮೇಷ್ಟ್ರು, ಯಾರಿಗೋ ಪಾಠ ಹೇಳುವ ಹಾಗೆ. "ಮೂರೇ ಬೇಕು. ಮುಂಚೆ ಹೇಳಬಾರದಿತ್ತಾ?"

"ಮುಂಚೆ ಕೇಳಬಾರದಿತ್ತಾ?"

ಅಮ್ಮ ಫೈಲಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು.

ಐದನೆಯ ತಿರುವು ದಾಟಿದ ಮೇಲೆ ಮೇಷ್ಟ್ರು ಮತ್ತೆ ಬಾಯಿಬಿಟ್ಟರು. ಈ ಸಲ ದನಿ ಸಣ್ಣದಾಗಿತ್ತು. "ಲಿವರ್ ಮುಂದಕ್ಕೆ ತಳ್ಳಿದ್ರೆ ಏರುತ್ತೆ ತಾನೇ?"

"ಇಳಿಯುತ್ತೆ. ಮುಂದಕ್ಕೆ ಮೈನಸ್ಸು, ಹಿಂದಕ್ಕೆ ಪ್ಲಸ್ಸು. ಲಿವರ್ ಪಕ್ಕದಲ್ಲೇ ಬರೆದಿದೆ."

"ಯಾವ ತಲೆಕೆಟ್ಟವನು ಹಾಗೆ ಮಾಡಿದ್ದು?" ಮೇಷ್ಟ್ರಿಗೆ ನಿಜವಾದ ಕೋಪ ಬಂತು. "ಒಬ್ಬನದು ಹಿಂಗೆ, ಇನ್ನೊಬ್ಬನದು ಹಂಗೆ. ಜನ ಏನು ಮಾಡಬೇಕು? ಇಂಥವರನ್ನ ಹಿಡಿದು ಒಳಗೆ ಹಾಕಬೇಕು." ಆಸ್ಪತ್ರೆ ಬರುವ ತನಕ ಅವರು ಕಾರು ಮಾಡುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದರು. ಆ ಸಾಲಿನಲ್ಲಿ ತಮ್ಮನ್ನು ನಿಲ್ಲಿಸಿಕೊಳ್ಳಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಇಳಿದು, "ಡಿಕ್ಕಿ ತೆಗಿ" ಎಂದರು. ತೆಗೆದಳು. ಕಣ್ಣಿಗಿಂತ ಕೈಯನ್ನು ನಂಬಿ ಒಂದೊಂದೇ ಕಲ್ಲು ಮುಟ್ಟಿ ಎಣಿಸಿದರು. ಹತ್ತನೆಯದರ ಹಿಡಿಯನ್ನು ಹಿಡಿದು ಎತ್ತಲು ನೋಡಿದರು. ಅದು ಮಿಸುಕಲಿಲ್ಲ.

"ದಿನಾ ನೀನೇ ಎತ್ತಿ ಇಳಿಸ್ತೀಯಾ?"

"ಇನ್ಯಾರು?"

ಮೇಷ್ಟ್ರು ಕೈ ಒರೆಸಿಕೊಂಡು ಅಣ್ಣನಿಗೆ ಫೋನು ಮಾಡಿದರು. "ಡ್ರೈವರ್ ಬೇಡ ಕಣೋ. ಈ ಕಾರಿನ ತೂಕ ಅವನಿಗೆ ತಿಳಿಯಲ್ಲ. ಇವಳೇ ಇರಲಿ. ಹೋದ ವಾರದ್ದು ಕಂಪನಿಯವರ ತಪ್ಪು." ಫೋನು ಕೆಳಗಿಳಿಸಲು ಹೊರಟರು.

ಅವಳು ಅಡ್ಡ ನಿಂತಳು. ಬೇಕಾದದ್ದು ಸಿಕ್ಕಿತ್ತು, ಕೀ ಉಳಿದಿತ್ತು. ಸಾಲದು ಎನ್ನಿಸಿತು. ಹತ್ತು ಗ್ರಾಂ ಕಡಿಮೆಯಿದ್ದ ತಕ್ಕಡಿಗೆ ಮುದ್ರೆ ಒತ್ತುವುದು ಹೇಗೆ?

"ಪೂರ್ತಿ ಹೇಳಿ ಅಪ್ಪ. ಗೇರು ತಳ್ಳಿದ್ದು ಯಾರು ಅಂತ ಹೇಳಿ."

"ಗೊತ್ತಾಯ್ತಲ್ಲ ಅವನಿಗೆ."

"ಇಲ್ಲ. ಹೇಳಿ."

ಬೆಳಗಿನ ರೋಗಿಗಳು ಮೆಟ್ಟಿಲು ಹತ್ತುತ್ತಿದ್ದರು. ಅವರಲ್ಲಿ ಒಬ್ಬಿಬ್ಬರು "ನಮಸ್ಕಾರ ಮೇಷ್ಟ್ರೇ" ಎಂದರು. ಮೇಷ್ಟ್ರು ಅವರಿಗೆ ತಲೆಯಾಡಿಸಿದರು. ಫೋನನ್ನು ಎಡಗೈಗೆ ಬದಲಾಯಿಸಿ, ಖಾಲಿಯಾದ ಬಲಗೈಯನ್ನು ಒಮ್ಮೆ ನೋಡಿಕೊಂಡರು.

"ಅವತ್ತು ಗೇರಿನ ಮೇಲಿದ್ದದ್ದು ನನ್ನ ಕೈ" ಎಂದರು ಫೋನಿಗೆ. ಆ ಕಡೆಯಿಂದ ಅಣ್ಣ ಏನೋ ಕೇಳಿದ. "ಕೇಳಿಸ್ತಲ್ಲ, ಇನ್ನೊಂದು ಸಲ ಹೇಳಲ್ಲ" ಎಂದು ಕಟ್ ಮಾಡಿ, ಅಮ್ಮನ ಕೈಯಿಂದ ಫೈಲು ಕಿತ್ತುಕೊಂಡು ಮೆಟ್ಟಿಲ ಕಡೆ ನಡೆದರು.

ಮಧ್ಯಾಹ್ನ ಅವಳು ಗೋದಾಮು ಮುಗಿಸಿ ಬಂದಾಗ ಮೇಷ್ಟ್ರು ಯಾರೂ ಹೇಳದೆ ಹಿಂದಿನ ಬಾಗಿಲನ್ನೇ ತೆಗೆದರು. ಪೆಟ್ಟಿಗೆ ಮುಂದೆ ಬೆಲ್ಟ್ ಹಾಕಿಕೊಂಡು ಕೂತಿತ್ತು. ಏರು ಶುರುವಾಯಿತು. ಮೊದಲ ತಿರುವು ಇನ್ನೂ ದೂರವಿತ್ತು.

"ಎರಡು ಕ್ವಿಂಟಲ್ ಇದೆ" ಎಂಬ ಮಾತು ಹಿಂದಿನಿಂದ ಬಂತು. "ಎರಡಕ್ಕೆ ಇಳಿಸಿಬಿಡು, ಈಗಲೇ."

ಅವಳು ಆಗಲೇ ಇಳಿಸಿದ್ದಳು. ಹೇಳಲಿಲ್ಲ.

"ರೀ" ಎಂದಳು ಅಮ್ಮ, "ಕಿಟಕಿಯಿಂದ ಆಚೆ ನೋಡಿ."